ಯೇಸುವನ್ನು ಒಳ್ಳೇ ಕುರುಬನೆಂದು ನಂಬಿದರೆ ಕಷ್ಟ ಬರುವುದಿಲ್ಲವೇ?

ಬರುತ್ತದೆ. ಕಷ್ಟದಲ್ಲಿ ಆತನು ಕೈಬಿಡುವುದಿಲ್ಲ ಎಂಬುದೇ ಈ ನಂಬಿಕೆ.

ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ತೋಳ ಬಂದೇ ಬರುತ್ತದೆ. ಕುರಿಗಳು ತನ್ನವಲ್ಲವಾದ್ದರಿಂದ ಕೂಲಿಯವನು ಓಡಿಹೋಗುತ್ತಾನೆ. ಕುರುಬನು ಪ್ರಾಣವನ್ನೇ ಕೊಡುತ್ತಾನೆ. 23ನೇ ಕೀರ್ತನೆಯಲ್ಲೂ ಕತ್ತಲ ಕಣಿವೆಯನ್ನು ದಾಟಲೇಬೇಕು, ಆದರೆ ಒಂಟಿಯಾಗಿ ಅಲ್ಲ.

ಒಳ್ಳೇ ಕುರುಬನ ಈ ಮಾತು ಹುಟ್ಟಿದ್ದು ಯೋಹಾನನ ಸುವಾರ್ತೆಯ 9ನೇ ಅಧ್ಯಾಯದ ಘಟನೆಯಿಂದ. ಅದನ್ನು ಬಿಟ್ಟು ಓದುವವರೇ ಹೆಚ್ಚು. ಹುಟ್ಟುಕುರುಡನೊಬ್ಬನ ಕಣ್ಣಿಗೆ ಯೇಸು ಕೆಸರು ಹಚ್ಚಿ, ಸಿಲೋವ ಕೊಳದಲ್ಲಿ ತೊಳೆದುಕೋ ಎಂದು ಕಳಿಸಿದನು. ದೃಷ್ಟಿ ಬಂದವನನ್ನು ಫರಿಸಾಯರು (ಆಗಿನ ಕಟ್ಟುನಿಟ್ಟಿನ ಧರ್ಮಪಂಥದವರು) ಬೈದು ಹೊರಗೆ ಹಾಕಿದರು. ಸುದ್ದಿ ತಿಳಿದು ಯೇಸುವೇ ಅವನನ್ನು ಹುಡುಕಿಕೊಂಡು ಬಂದನು. ಅಲ್ಲಿಯವರೆಗೆ ಅವನು ಯೇಸುವಿನ ಮುಖ ಕಂಡಿರಲಿಲ್ಲ, ದನಿಯನ್ನಷ್ಟೇ ಕೇಳಿದ್ದ. ಕುರಿಗಳು ಕುರುಬನ ಸ್ವರವನ್ನು ಗುರುತಿಸುತ್ತವೆ ಎಂಬ ಮಾತು ಇದರ ಬೆನ್ನಿಗೇ ಬರುತ್ತದೆ.

ಸ್ವರದ ಗುರುತು ಸಿಗುವುದು ರೂಢಿಯಿಂದ. ದಿನಕ್ಕೊಂದು ಚಿಕ್ಕ ಭಾಗ ಸುವಾರ್ತೆ ಓದಿ, ಅಂದಿನ ಚಿಂತೆ ಏನೆಂದು ಬಿಡಿಸಿ ಹೇಳಿ ಪ್ರಾರ್ಥಿಸಿ. ಹೆದರಿಸಿ ಕಾಣಿಕೆ ಕೀಳುವ ಬೋಧಕರ ದನಿ ಬೇರೆಯೆಂದು ಆಗ ತಿಳಿಯುತ್ತದೆ. ಯೆಹೆಜ್ಕೇಲನ ಗ್ರಂಥದ 34ನೇ ಅಧ್ಯಾಯ ಖಂಡಿಸುವುದು ಇಂಥವರನ್ನೇ: ಕುರಿ ಮೇಯಿಸದೆ ತಮ್ಮ ಹೊಟ್ಟೆ ಹೊರೆದುಕೊಂಡ ಕುರುಬರನ್ನು.