ಪವರ್‌ಸೇವ್ ಇದ್ದರೆ ಲ್ಯಾಪ್‌ಟಾಪ್ ನಿಧಾನ ಆಗುತ್ತಾ?

ಪ್ರಶ್ನೆ: ನನ್ನದು ಇಂಟೆಲ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್, ಲಿನಕ್ಸ್ ಹಾಕಿಕೊಂಡಿದ್ದೇನೆ. ಪ್ರೊಸೆಸರ್ ವೇಗ ನಿರ್ಧರಿಸುವ ಗವರ್ನರ್ ಯಾವುದೆಂದು ನೋಡಿದರೆ ‘ಪವರ್‌ಸೇವ್’ ಎಂದು ತೋರಿಸುತ್ತದೆ. ಹಾಗಾದರೆ ಅದು ಯಾವಾಗಲೂ ಕಡಿಮೆ ವೇಗದಲ್ಲೇ ಓಡುತ್ತಿದೆಯಾ? ಗೆಳೆಯ ‘ಆನ್‌ಡಿಮಾಂಡ್’ಗೆ ಬದಲಿಸು ಎನ್ನುತ್ತಾನೆ, ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ‘ಪರ್ಫಾರ್ಮೆನ್ಸ್’ ಹಾಕಲೇ?

ಉತ್ತರ: ಬೇಡ, ಹಾಗೇ ಬಿಡಿ. ಇಲ್ಲಿ ಗೊಂದಲ ಮಾಡಿರುವುದು ಹೆಸರು ಮಾತ್ರ.

ಕರ್ನಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ಎಷ್ಟು ವೇಗ ಬೇಕೆಂದು ತೀರ್ಮಾನಿಸುವುದು ಗವರ್ನರ್, ಅದನ್ನು ಪ್ರೊಸೆಸರ್‌ಗೆ ಮುಟ್ಟಿಸುವುದು ಡ್ರೈವರ್. ಮಾಮೂಲಿ ಪವರ್‌ಸೇವ್ ಗವರ್ನರ್ ನೀವು ಹೆದರಿದ ಹಾಗೆಯೇ, ಅತಿ ಕಡಿಮೆ ವೇಗಕ್ಕೆ ಅಂಟಿಕೊಂಡು ಕೂರುತ್ತದೆ. ಆದರೆ 2013ರಲ್ಲಿ, ಕರ್ನಲ್ 3.9ರಲ್ಲಿ, ಇಂಟೆಲ್ ಪಿ-ಸ್ಟೇಟ್ ಎಂಬ ಡ್ರೈವರ್ ಬಂತು. ಆಕ್ಟಿವ್ ಮೋಡ್‌ನಲ್ಲಿ ಅದು ಮಾಮೂಲಿ ಗವರ್ನರ್‌ಗಳನ್ನು ಪಕ್ಕಕ್ಕಿಟ್ಟು ತಾನೇ ಲೆಕ್ಕ ಹಾಕುತ್ತದೆ, ಹೊಸ ಪ್ರೊಸೆಸರ್‌ಗಳಲ್ಲಿ ಆ ಲೆಕ್ಕವನ್ನೂ ಪ್ರೊಸೆಸರ್‌ಗೇ ಒಪ್ಪಿಸುತ್ತದೆ. ಅದಕ್ಕೇ ನಿಮ್ಮ ಪಟ್ಟಿಯಲ್ಲಿ ಪವರ್‌ಸೇವ್, ಪರ್ಫಾರ್ಮೆನ್ಸ್ ಎಂಬ ಎರಡೇ ಹೆಸರು. ಈ ಪವರ್‌ಸೇವ್ ಕೆಲಸ ಬಿದ್ದರೆ ವೇಗ ಏರಿಸುತ್ತದೆ, ಟರ್ಬೋವರೆಗೂ (ಮಾಮೂಲಿ ವೇಗಕ್ಕಿಂತ ಮೇಲಿನ ವೇಗ) ಹೋಗುತ್ತದೆ, ಕೆಲಸ ಮುಗಿದರೆ ಇಳಿಸುತ್ತದೆ. ಒಂದೇ ಹೆಸರನ್ನು ಎರಡು ಬೇರೆ ನಡವಳಿಕೆಗೆ ಇಟ್ಟದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ, ಎಷ್ಟೋ ಜನ ಇದರಿಂದ ಸುಮ್ನೆ ಕಂಗಾಲಾಗುತ್ತಾರೆ.

ಗೆಳೆಯರ ಮಾತು ಹಳೇ ಯಂತ್ರಗಳಿಗೆ ಸರಿ. ಕೆಲಸ ನೋಡಿ ವೇಗ ಬದಲಿಸುವ ಆನ್‌ಡಿಮಾಂಡ್ ಬಂದದ್ದು 2004ರಲ್ಲಿ. 2016ರಲ್ಲಿ ಕರ್ನಲ್ 4.7ರ ಜೊತೆ ಬಂದ ಶೆಡ್‌ಯುಟಿಲ್ ಗವರ್ನರ್, ಯಾವ ಕೆಲಸ ಎಷ್ಟು ಹೊತ್ತು ಓಡುತ್ತಿದೆ ಎಂಬ ಶೆಡ್ಯೂಲರ್‌ನ (ಕೆಲಸಗಳಿಗೆ ಪ್ರೊಸೆಸರ್ ಸಮಯ ಹಂಚುವ ಭಾಗದ) ಲೆಕ್ಕವನ್ನೇ ನೇರವಾಗಿ ಬಳಸುತ್ತದೆ. ಇವೆರಡೂ ಬೇಕೇ ಬೇಕು ಅಂದರೆ ಡ್ರೈವರನ್ನು ಮಾಮೂಲಿ ಗವರ್ನರ್‌ಗಳ ಮಾತು ಕೇಳುವ ಪ್ಯಾಸಿವ್ ಮೋಡ್‌ಗೆ ಹಾಕಬೇಕು.

ಪರ್ಫಾರ್ಮೆನ್ಸ್ ಯಾಕೆ ಬೇಡ? ಅದು ವೇಗವನ್ನು ಮೇಲೇ ಇಡಲು ನೋಡುತ್ತದೆ. ವೇಗ ಹೆಚ್ಚಾದಂತೆ ವೋಲ್ಟೇಜ್ ಕೂಡ ಹೆಚ್ಚಬೇಕು, ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಕೊನೆಯ ಸ್ವಲ್ಪ ವೇಗಕ್ಕೇ ಬ್ಯಾಟರಿ ಜಾಸ್ತಿ ಸುಡುತ್ತದೆ. ಮೇಲ್ ಓದುವುದಕ್ಕೆ ಅಷ್ಟು ಬೇಕಿಲ್ಲ ಅಲ್ವಾ?

ನನ್ನ ಮಾತು ನಂಬಬೇಡಿ, ನೀವೇ ನೋಡಿ. ದೊಡ್ಡ ವಿಡಿಯೊ ಕನ್ವರ್ಟ್ ಮಾಡಲು ಬಿಟ್ಟು, ಟರ್ಮಿನಲ್‌ನಲ್ಲಿ ಗವರ್ನರ್ ಹೆಸರಿರುವ ಫೋಲ್ಡರಿನಲ್ಲೇ ಇರುವ ‘ಸ್ಕೇಲಿಂಗ್ ಕರ್ ಫ್ರೀಕ್’ (scaling_cur_freq) ಫೈಲನ್ನು ಮತ್ತೆ ಮತ್ತೆ ತೆರೆಯಿರಿ. ಅಂಕಿ ಕಿಲೋಹರ್ಟ್ಸ್‌ನಲ್ಲಿರುತ್ತದೆ, 3400000 ಕಂಡರೆ 3.4 ಗಿಗಾಹರ್ಟ್ಸ್. ಅಷ್ಟು ಕೆಲಸ ಕೊಟ್ಟರೂ ಮೇಲೇರದಿದ್ದರೆ ಗವರ್ನರನ್ನು ಬಿಟ್ಟು ಬಿಸಿಯನ್ನು ಅನುಮಾನಿಸಿ, ಹೆಚ್ಚು ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸುತ್ತದೆ. ಮೊದಲು ಫ್ಯಾನಿನ ಧೂಳು ತೆಗೆಸಿ, ಆಮೇಲೆ ಬರೆಯಿರಿ.