ತೂಕಕ್ಕೆ ಬೈತಾರೆ ಅಂತ ಚೆಕಪ್‌ಗೇ ಹೋಗಿಲ್ಲ

ಪ್ರಶ್ನೆ: ನನಗೆ 29 ವರ್ಷ. ಚೊಚ್ಚಲ ಬಸುರಿ, ಈಗ 22 ವಾರ. ಎತ್ತರ 5 ಅಡಿ 4 ಇಂಚು. ಬಸುರಿಯಾಗುವ ಮೊದಲೇ 88 ಕೆಜಿ ಇದ್ದೆ, ಈಗ 92. ಪ್ರತಿ ಸಲ ಸಾಲಿನಲ್ಲಿ ನಿಂತವರ ಎದುರಿಗೇ ಸಿಸ್ಟರ್ ನನ್ನ ತೂಕವನ್ನು ಕೂಗಿ ಹೇಳುತ್ತಾರೆ. ಒಳಗೆ ಹೋದರೆ ಡಾಕ್ಟರು, ‘ಬಾಯಿ ಕಟ್ಟದಿದ್ದರೆ ಮಗುವಿಗೇ ತೊಂದರೆ’ ಅನ್ನುತ್ತಾರೆ. ಬೇರೆ ಮಾತೇ ಇಲ್ಲ. ಕಳೆದ ಸಲ ಬಿಪಿ ಕೂಡ ಜಾಸ್ತಿ ಬಂತು. ಚೆಕಪ್ ಇದ್ದರೆ ನಾನು ಹಿಂದಿನ ರಾತ್ರಿಯಿಂದಲೇ ಊಟ ಬಿಡುತ್ತೇನೆ. ಈ ಸಲ ಹೋಗಲೇ ಇಲ್ಲ. ಮನೆಯಲ್ಲಿ ಹೋಗಿಬಂದೆ ಅಂತ ಸುಳ್ಳು ಹೇಳಿದ್ದೇನೆ. ಮೊದಲೊಮ್ಮೆ ಹೇಳಿಕೊಂಡಾಗ ಗಂಡ, ‘ನಿನ್ನ ಒಳ್ಳೇದಕ್ಕೇ ತಾನೇ ಅವರು ಹೇಳೋದು’ ಅಂದಿದ್ದರು. ತಪ್ಪು ನನ್ನದೇ ಅಲ್ವಾ? ಡಾಕ್ಟರನ್ನು ಬದಲಿಸಲಾ?

ಉತ್ತರ: ಬೇರೆಲ್ಲ ಆಮೇಲೆ ಮಾತಾಡೋಣ. ಬಿಪಿ ಜಾಸ್ತಿ ಬಂದ ಮೇಲೆ ಚೆಕಪ್ ತಪ್ಪಿಸಿದ್ದೀರಿ, ಅದಕ್ಕೆ ನಾಳೆಯೇ ಎಲ್ಲಾದರೂ ಬಿಪಿ ನೋಡಿಸಿ. ಬೇರೆ ಕ್ಲಿನಿಕ್ ಆದರೂ ಪರವಾಗಿಲ್ಲ. ತಲೆನೋವು ಬಿಡುತ್ತಿಲ್ಲ, ಕಣ್ಣು ಮಂಜಾಗುತ್ತಿದೆ, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ಇದ್ದಕ್ಕಿದ್ದಂತೆ ಊದಿಕೊಂಡಿದೆ, ಇವುಗಳಲ್ಲಿ ಒಂದಾದರೂ ಇದ್ದರೆ ನಾಳೆವರೆಗೂ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ.

ಹೋದಾಗ ಒಂದು ಸಣ್ಣ ವಿಷಯ ಗಮನಿಸಿ. ತೋಳಿಗೆ ಸುತ್ತುವ ಆ ಪಟ್ಟಿ ನಿಮಗೆ ಸರಿಯಾಗಿ ಸುತ್ತುತ್ತಾ? ಅಂಟಿಸಿದ ತುದಿ ಗಾಳಿ ತುಂಬುವಾಗ ಚರ್‍ರ್ ಅಂತ ಬಿಟ್ಟುಕೊಳ್ಳುತ್ತಾ? ಹಾಗಿದ್ದರೆ ಪಟ್ಟಿ ಚಿಕ್ಕದಾಯಿತು ಅಂತ ಅರ್ಥ. ಚಿಕ್ಕ ಪಟ್ಟಿ ರಕ್ತನಾಳವನ್ನು ಅದುಮಲು ಜಾಸ್ತಿ ಒತ್ತಡ ಹಾಕಬೇಕಾಗುತ್ತದೆ, ಹಾಗಾಗಿ ನಂಬರು ಇರುವುದಕ್ಕಿಂತ ಮೇಲೆ ತೋರಿಸುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಇದನ್ನೇ ಅಳೆದು 2023ರಲ್ಲಿ ಪ್ರಕಟಿಸಿದರು. ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಸುತ್ತಿದಾಗ ಮೇಲಿನ ನಂಬರು ಸರಾಸರಿ 20ರಷ್ಟು ಜಾಸ್ತಿ ಬಂದಿತ್ತು. ಬಸುರಿಯಲ್ಲಿ 140/90 ಅಂದರೆ ಡಾಕ್ಟರು ಎಚ್ಚರವಾಗುತ್ತಾರೆ. ಅಂಥ ಕಡೆ 20 ಅಂದರೆ ಸಣ್ಣ ಮಾತಲ್ಲ. ನಿಮ್ಮ ಬಿಪಿ ನಿಜವಾಗಿಯೂ ಜಾಸ್ತಿ ಇರಬಹುದು, ಪಟ್ಟಿಯ ತಪ್ಪೂ ಇರಬಹುದು. ‘ದೊಡ್ಡ ಪಟ್ಟಿಯಲ್ಲಿ ಇನ್ನೊಂದು ಸಲ ನೋಡಿ’ ಅಂತ ಕೇಳಿದರೆ ಗೊತ್ತಾಗುತ್ತದೆ.

ಇನ್ನು ಆ 4 ಕೆಜಿ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಬಸುರಾಗುವ ಮೊದಲು 33ರ ಆಸುಪಾಸು ಇತ್ತು. ಬಿಎಂಐ 30 ಮತ್ತು ಅದಕ್ಕಿಂತ ಮೇಲಿರುವವರು ಇಡೀ ಬಸುರಿನಲ್ಲಿ 5ರಿಂದ 9 ಕೆಜಿ ಏರಬಹುದು ಅನ್ನುವುದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಲೆಕ್ಕ. ಮೊದಲ ಮೂರು ತಿಂಗಳು ಕಳೆದ ಮೇಲೆ ವಾರಕ್ಕೆ ಹೆಚ್ಚುಕಮ್ಮಿ ಕಾಲು ಕೆಜಿ. 22 ವಾರಕ್ಕೆ 4 ಕೆಜಿ ಅಂದರೆ ನೀವು ಆ ದಾರಿಯಲ್ಲೇ ಇದ್ದೀರಿ! ಇದನ್ನು ಹೇಳಲು ಡಾಕ್ಟರಿಗೆ ಅರ್ಧ ನಿಮಿಷ ಸಾಕಿತ್ತು. ಬೈಯೋದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿದಿರುತ್ತದೆ.

ಊಟ ಬಿಡುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ರಾತ್ರಿಯೆಲ್ಲ ಉಪವಾಸ ಇದ್ದು ನೀವು ಇಳಿಸುವುದು ಒಂದು ಹೊತ್ತಿನ ಊಟದ, ನೀರಿನ ತೂಕವನ್ನ. ತಲೆಸುತ್ತು ಬರೋದು ನಿಮಗೆ.

‘ತಪ್ಪು ನನ್ನದೇ ಅಲ್ವಾ’ ಅಂತ ಕೇಳಿದ್ದೀರಿ. ನಾನು ಸುಳ್ಳು ಸಮಾಧಾನ ಹೇಳುವುದಿಲ್ಲ. ತೂಕ ಜಾಸ್ತಿ ಇದ್ದರೆ ಬಸುರಿನಲ್ಲಿ ಸಕ್ಕರೆ, ಬಿಪಿ, ಸಿಸೇರಿಯನ್ ಆಗುವ ಸಾಧ್ಯತೆ ಹೆಚ್ಚು. ಸ್ಕ್ಯಾನ್ ಕೂಡ ಸ್ವಲ್ಪ ಮಂಜಾಗಿ ಕಾಣಬಹುದು, ಕೊಬ್ಬಿನ ಪದರ ದಾಟುವಾಗ ಶಬ್ದದ ಅಲೆ ಕ್ಷೀಣಿಸುತ್ತದೆ. ಇದನ್ನೆಲ್ಲ ಡಾಕ್ಟರು ನಿಮಗೆ ಹೇಳಲೇಬೇಕು. ಆದರೆ ಹೇಳುವುದು ಬೇರೆ, ಹೀಯಾಳಿಸುವುದು ಬೇರೆ. ಹೀಯಾಳಿಸಿದರೆ ತೂಕ ಇಳಿಯುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಸಂಶೋಧನೆಗಳಲ್ಲಿ ಕಂಡದ್ದು ತಿರುಗಾಮುರುಗ. ಬಸುರಿನಲ್ಲಿ ತೂಕದ ಬಗ್ಗೆ ಅವಮಾನ ಅನುಭವಿಸಿದವರಲ್ಲಿ ಖಿನ್ನತೆಯ ಲಕ್ಷಣ ಹೆಚ್ಚು, ಬೇಸರಕ್ಕೆ ತಿನ್ನುವುದು ಹೆಚ್ಚು, ತೂಕ ಏರುವುದೂ ಹೆಚ್ಚು. ಅವಮಾನ ಒಂದೇ ಕಾರಣ ಅಂತ ಇದರಿಂದ ಹೇಳಲಾಗದು, ಆದರೆ ಬೈದು ಒಳ್ಳೆಯದಾಯಿತು ಅಂತಂತೂ ಯಾರೂ ತೋರಿಸಿಲ್ಲ.

ನೀವು ಒಬ್ಬರೇ ಅಲ್ಲ ಕೂಡ. ಬಸುರಿಯರು, ಬಾಣಂತಿಯರು ಸೇರಿ 501 ಮಹಿಳೆಯರನ್ನು ಕೇಳಿದ 2020ರ ಅಧ್ಯಯನವೊಂದರಲ್ಲಿ, ಸುಮಾರು ಐವರಲ್ಲಿ ಒಬ್ಬರು ಆಸ್ಪತ್ರೆಯಲ್ಲೇ ಇಂಥ ಅನುಭವ ಆಗಿದೆ ಅಂದಿದ್ದರು. ಹೆರಿಗೆ ಡಾಕ್ಟರುಗಳ ಹೆಸರೇ ಮೊದಲು ಬಂದಿತ್ತು. ಬಸುರಿ ಅಲ್ಲದವರ ಕಥೆಯೂ ಇಷ್ಟೇ. ದಪ್ಪ ಇರುವ ಎಷ್ಟೋ ಮಹಿಳೆಯರು ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ ಮುಂದೂಡುತ್ತಾರೆ ಅಂತ 2006ರ ಒಂದು ಅಧ್ಯಯನ ಹೇಳುತ್ತದೆ. ಅವರು ಕೊಟ್ಟ ಕಾರಣಗಳನ್ನು ಓದಿದರೆ ನಿಮ್ಮ ಪತ್ರವನ್ನೇ ಓದಿದ ಹಾಗೆ: ತೂಕ ನೋಡುವಾಗಿನ ನಾಚಿಕೆ, ಗೌರವವಿಲ್ಲದ ಮಾತು, ಕೇಳದೇ ಬರುವ ಉಪದೇಶ, ಮೈಗೆ ಸಾಲದ ಗೌನು. ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆಯೇ 2019ರಲ್ಲಿ ತನ್ನ ಡಾಕ್ಟರುಗಳಿಗೆ, ನಿಮ್ಮೊಳಗಿನ ಪೂರ್ವಗ್ರಹ ನೋಡಿಕೊಳ್ಳಿ ಅಂತ ಹೇಳಬೇಕಾಯಿತು.

ಡಾಕ್ಟರನ್ನು ಬದಲಿಸುವ ಮೊದಲು ಒಂದು ಸಲ ಮಾತಾಡಿ ನೋಡಿ. ಜಗಳ ಬೇಡ. ಮಾತು ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ: ‘ತೂಕದ ವಿಷಯ ನನಗೆ ಗೊತ್ತು. ಬೈದರೆ ಹೆದರಿ ಬರುವುದನ್ನೇ ಬಿಡುತ್ತೇನೆ, ಒಮ್ಮೆ ಬಿಟ್ಟೂ ಇದ್ದೇನೆ. ಏನು ಮಾಡಬೇಕು ಅಂತ ಮಾತ್ರ ಹೇಳಿ.’ ಸಿಸ್ಟರಿಗೆ, ನಂಬರು ಬರೆದುಕೊಳ್ಳಿ, ಕೂಗಬೇಡಿ ಅನ್ನಿ. ಬೇಕಿದ್ದರೆ ಮೆಷಿನ್‌ಗೆ ಬೆನ್ನು ಮಾಡಿ ನಿಲ್ಲಿ. ಅವರಿಗೂ ಬೆಳಗಿನಿಂದ ನಿಂತೇ ಕೆಲಸ, ಎಷ್ಟೋ ಸಲ ಅದು ಬರೀ ಅಭ್ಯಾಸಬಲ. ಇಷ್ಟಾದ ಮೇಲೂ ಅದೇ ರಾಗ ಅಂದರೆ ಬೇರೆ ಡಾಕ್ಟರನ್ನು ಹುಡುಕಿ, ಹಳೆಯ ರಿಪೋರ್ಟೆಲ್ಲ ತೆಗೆದುಕೊಂಡು ಹೋಗಿ.

ಗಂಡನಿಗೆ ನಿಜ ಹೇಳಿಬಿಡಿ. ‘ಒಳ್ಳೇದಕ್ಕೇ’ ಅಂದವರು ಒಂದು ಸಲ ಜೊತೆಗೆ ಬಂದು ಆ ಸಾಲಿನಲ್ಲಿ ನಿಲ್ಲಲಿ.

24ರಿಂದ 28 ವಾರದೊಳಗೆ ಶುಗರ್ ಟೆಸ್ಟ್ ಇರುತ್ತದೆ. ಮೊದಲೇ ಮಾಡಿದ್ದರೂ ಮತ್ತೆ ಮಾಡಬಹುದು. ಅದನ್ನು ಮಾತ್ರ ತಪ್ಪಿಸಬೇಡಿ. ಮಾಸುವಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ, ಅದಕ್ಕೇ ತೆಳ್ಳಗಿನವರಿಗೂ ಸಕ್ಕರೆ ಬರುತ್ತದೆ. ಬಂದರೂ ಅದು ನಿಮ್ಮ ನಡತೆಗೆ ಕೊಟ್ಟ ಮಾರ್ಕ್ಸ್ ಅಲ್ಲ, ಚಿಕಿತ್ಸೆ ಇದೆ. ಹೋಗುವ ಮೊದಲು ಫೋನ್ ಮಾಡಿ ಖಾಲಿ ಹೊಟ್ಟೆಯಲ್ಲಿ ಬರಬೇಕಾ ಅಂತ ಕೇಳಿಕೊಳ್ಳಿ. ಬೇಡ ಅಂದರೆ, ತಿಂಡಿ ತಿಂದೇ ಹೋಗಿ.