ಕೊನೆಯ ಐಟಂವರೆಗೂ ಕೂತಿರಿ

ಓದುಗರ ಪತ್ರ: "ನಾನು ಚಿತ್ರದುರ್ಗದವನು. ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿ ಆರು ವರ್ಷವಾಯಿತು. ಮಗ, ಸೊಸೆ, ಮೊಮ್ಮಗಳು ಪುಣೆಯಲ್ಲಿದ್ದಾರೆ. ಮೊನ್ನೆ ಪಕ್ಕದ ಬೀದಿಯ ಹೈಸ್ಕೂಲಿನ ಮಕ್ಕಳು ಮನೆಗೆ ಬಂದು ವಾರ್ಷಿಕೋತ್ಸವದ ಕಾರ್ಡ್ ಕೊಟ್ಟರು. 'ಓಬವ್ವನ ನಾಟಕ ಇದೆ, ಹಾಡು ನಾವೇ ಹಾಡ್ತೀವಿ, ತಪ್ಪದೇ ಬನ್ನಿ ತಾತ' ಅಂದರು. ಹೋಗಲು ಆಸೆ ಇದೆ. ಆದರೆ ನಮ್ಮ ಮನೆ ಮಗು ಇಲ್ಲದ ಕಾರ್ಯಕ್ರಮಕ್ಕೆ ಹೋಗಿ ಕೂರೋದು ಹೇಗೆ? ಯಾರ ಕಡೆಯವರು ಅಂತ ಯಾರಾದರೂ ಕೇಳಿದರೆ ಏನು ಹೇಳಲಿ? ಮನೆಯವರು, 'ಮಕ್ಕಳ ನಾಟಕದಲ್ಲಿ ಏನಿರುತ್ತೆ, ಸುಮ್ನೆ ಟಿವಿ ನೋಡಿ' ಅನ್ನುತ್ತಾರೆ. ನೀವೇನಂತೀರಿ?"

ಸಂಪಾದಕರ ಉತ್ತರ:

ಹೋಗಿ ಸರ್, ಖಂಡಿತ ಹೋಗಿ. ಮನೆಯವರನ್ನೂ ಕರೆದುಕೊಂಡು ಹೋಗಿ. ಯಾರ ಕಡೆಯವರು ಅಂತ ಕೇಳಿದರೆ, 'ನಾಟಕ ನೋಡೋಕೆ ಬಂದವನು' ಅನ್ನಿ. ಅಷ್ಟು ಸಾಕು.

ಹೋದ ವರ್ಷ ನಿಮ್ಮ ಊರಿನ ಒಂದು ಹೈಸ್ಕೂಲಿನಲ್ಲಿ ನಾನೂ ಓಬವ್ವನ ನಾಟಕ ನೋಡಿದೆ. ನನ್ನ ಕಡೆಯ ಮಕ್ಕಳು ಯಾರೂ ಅದರಲ್ಲಿ ಇರಲಿಲ್ಲ. ಪತ್ರಿಕೆ ಕೆಲಸಕ್ಕೆ ಬಂದಿದ್ದೆ. ಶಾಮಿಯಾನ ಕಂಡಿತು, ಒಳಗೆ ಹೋಗಿ ಕೂತೆ.

ಓಬವ್ವನ ಕತೆ ನಿಮಗೆ ನಾನು ಹೇಳಬೇಕಿಲ್ಲ. ಅಲ್ಲಿ ಹಾಡು ಮಾಡಿದ ಕೆಲಸ ಮಾತ್ರ ಹೇಳುತ್ತೇನೆ. ನಾಟಕ ಶುರುವಾಗುವುದು ಓಬವ್ವನ ಮನೆಯಲ್ಲಿ. ಅವಳು ಭತ್ತ ಕುಟ್ಟುತ್ತಿದ್ದಾಳೆ. ಪಕ್ಕದಲ್ಲಿ ಚಾಪೆಯ ಮೇಲೆ ಏಳು ಹುಡುಗಿಯರ ಮೇಳ, ತಮಟೆಗೆ ಒಬ್ಬ ಹುಡುಗ. ನಮ್ಮ ಅಜ್ಜಿಯರು ಹಾಡುತ್ತಿದ್ದ ಥರದ ಕುಟ್ಟುವ ಪದ. ಒನಕೆ ಬಿದ್ದಾಗೆಲ್ಲ ಮೇಳದವರು 'ಹುಂ' ಅಂತ ಉಸಿರು ಬಿಡುತ್ತಿದ್ದರು. ಗಂಡ ಊಟಕ್ಕೆ ಬಂದ. ಅವಳು ಬಡಿಸಿದಳು, ನೀರಿಗೆ ಕೊಡ ಹಿಡಿದು ಹೊರಟಳು. ಹಾಡು ನಿಂತಿತು.

ಕಿಂಡಿ ಅಂದರೆ ಎರಡು ಡೆಸ್ಕು, ಅವುಗಳ ಮೇಲೆ ಮಣ್ಣಿನ ಬಣ್ಣ ಬಳಿದ ಗೋಣಿಚೀಲ. ಅದರ ಕೆಳಗಿಂದ ಮೊದಲ ಸೈನಿಕ ತೆವಳಿಕೊಂಡು ತಲೆ ಹೊರಗೆ ಹಾಕಿದ. ಹುಡುಗಿ ಒನಕೆ ಎತ್ತಿದಳು. ಆಗ ಮೇಳದವರು ಅದೇ ಕುಟ್ಟುವ ಪದವನ್ನು ಮತ್ತೆ ಎತ್ತಿಕೊಂಡರು. ಅದೇ ಧಾಟಿ, ಅದೇ 'ಹುಂ'. ನನಗೆ ಮೈ ಜುಂ ಅಂದಿತು. ಮನೆಯಲ್ಲಿ ಅನ್ನಕ್ಕೆ ಕುಟ್ಟಿದ ಕೈಯೇ ಇಲ್ಲೂ ಕುಟ್ಟುತ್ತಿದೆ ಅನ್ನುವುದನ್ನು ಒಂದು ಮಾತೂ ಆಡದೆ ಹೇಳಿಬಿಟ್ಟರು. ಆ ಯೋಚನೆ ಮಾಡಿದವರು ಅಲ್ಲಿನ ಕನ್ನಡ ಮೇಡಂ ಅಂತ ಆಮೇಲೆ ತಿಳಿಯಿತು.

ಸೈನಿಕರು ಇದ್ದದ್ದು ಆರೇ ಜನ. ಸತ್ತವನನ್ನು ಪಕ್ಕಕ್ಕೆ ಎಳೆದರೆ ಅವನು ಪರದೆಯ ಹಿಂದಿನಿಂದ ಓಡಿ ಬಂದು ಮತ್ತೆ ಕಿಂಡಿಯಲ್ಲಿ ತೂರುತ್ತಿದ್ದ. ಎರಡನೇ ಸುತ್ತಿನಲ್ಲಿ ಒಬ್ಬನ ಮೀಸೆ ಅರ್ಧ ಕಿತ್ತುಹೋಗಿತ್ತು. ಮುಂದೆ ಕೂತಿದ್ದ ಪುಟ್ಟ ಹುಡುಗ, 'ಲೋ, ಅವನು ಆಗಲೇ ಸತ್ತಿದ್ನಲ್ಲೋ!' ಅಂತ ಕೂಗಿದ. ಮೈದಾನಕ್ಕೆ ಮೈದಾನವೇ ನಕ್ಕಿತು. ಓಬವ್ವ ನಗಲಿಲ್ಲ. ಅವಳ ಕೈಯಲ್ಲಿದ್ದದ್ದು ಥರ್ಮಾಕೋಲಿನ ಒನಕೆಯಲ್ಲ, ಯಾರದೋ ಮನೆಯಿಂದ ತಂದ ನಿಜವಾದ ಒನಕೆ. ತುದಿಗೆ ಕಬ್ಬಿಣದ ಬಳೆ ಇತ್ತು. ಅಷ್ಟು ಹೊತ್ತಿಗೆ ಅವಳ ತೋಳು ನಡುಗುತ್ತಿದ್ದವು. ಒನಕೆ ಸೈನಿಕನ ತಲೆಯ ಪಕ್ಕಕ್ಕೆ, ಸರಿಯಾಗಿ ಒಂದು ಗೇಣು ಆಚೆ, ಹಲಗೆಯ ಮೇಲೆ ಬೀಳಬೇಕು. ಒಂದು ಸಲವೂ ತಪ್ಪಲಿಲ್ಲ. ನಗು ತಾನಾಗಿಯೇ ನಿಂತುಹೋಯಿತು. 1779ರಲ್ಲಿ ಕೋಟೆ ಕೊನೆಗೂ ಹೈದರಾಲಿಯ ಕೈ ಸೇರಿತು ಅನ್ನುವುದು ಅಲ್ಲಿದ್ದ ಮಕ್ಕಳಿಗೆಲ್ಲ ಪಾಠದಲ್ಲಿ ಗೊತ್ತು. ನಿಜವಾದ ಕಿಂಡಿ ಅದೇ ಊರಿನ ಬೆಟ್ಟದ ಮೇಲಿದೆ, ಅಲ್ಲಿ ಬಗ್ಗಿ ಇಣುಕಿ ನೋಡದ ಮಗು ಆ ಶಾಲೆಯಲ್ಲಿ ಇರಲಿಕ್ಕಿಲ್ಲ. ಆದರೂ ಆ ಹತ್ತು ನಿಮಿಷ, ಒಬ್ಬನೇ ಒಬ್ಬ ಸೈನಿಕನೂ ಒಳಗೆ ಬರಬಾರದು ಅಂತ ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು.

ಮಕ್ಕಳ ನಾಟಕದಲ್ಲಿ ಏನಿರುತ್ತೆ ಅಂತ ಮನೆಯವರು ಕೇಳಿದರಲ್ಲ, ಇದಿರುತ್ತೆ. ಟಿವಿಯಲ್ಲಿ ತಪ್ಪಾದರೆ ಮತ್ತೆ ತೆಗೆಯುತ್ತಾರೆ. ಇಲ್ಲಿ ಹದಿನಾಲ್ಕು ವರ್ಷದ ಹುಡುಗಿಗೆ ಒಂದೇ ಅವಕಾಶ. ಅವಳು ಅದನ್ನು ದಾಟಿಸುವುದನ್ನು ನಾವು ಕಣ್ಣೆದುರೇ ನೋಡುತ್ತೇವೆ.

ನಿಮ್ಮ ಪತ್ರದಲ್ಲಿ 'ಹಾಡು ನಾವೇ ಹಾಡ್ತೀವಿ' ಅನ್ನುವ ಮಾತು ಓದಿ ನನಗೆ ಜಾಸ್ತಿ ಖುಷಿಯಾಯಿತು. ಈಗ ಎಷ್ಟೋ ಕಡೆ ಪೆನ್‌ಡ್ರೈವ್ ಚುಚ್ಚಿ ಸಿನಿಮಾ ಹಾಡು ಹಾಕುತ್ತಾರೆ, ಮಕ್ಕಳು ಬಾಯಿ ಆಡಿಸುತ್ತಾರೆ. ಅದು ನನಗೆ ಹಿಡಿಸುವುದಿಲ್ಲ. ಕುಣಿತಕ್ಕಾದರೆ ಆಗಲಿ, ನಾಟಕಕ್ಕೆ ಬೇಡ. ನಮ್ಮ ಈ ಕಡೆಯ ಊರುಗಳಲ್ಲಿ ನಾಟಕ ಅಂದರೆ ಹಾಡೇ ಆಗಿತ್ತು. ದಾವಣಗೆರೆ ರಂಗನಟಿ ಚಿಂದೋಡಿ ಲೀಲಾ ಅವರ ಊರು, ಅವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಕಂಪನಿ ನಾಟಕದಲ್ಲಿ ನಟರೇ ಹಾಡಬೇಕು. ಚೆನ್ನಾಗಿ ಹಾಡಿದರೆ ಜನ 'ಒನ್ಸ್ ಮೋರ್' ಅಂತ ಕೂಗಿ ಮತ್ತೆ ಹಾಡಿಸುತ್ತಿದ್ದರು. ಆ ಕೂಗು ಈಗ ಉಳಿದಿದ್ದರೆ ಶಾಲೆಯ ಮೈದಾನದಲ್ಲಿ ಉಳಿಯಬೇಕು. ಮಕ್ಕಳಿಗೆ ಹಾಡಿಸಲು ಹಾಡಿಗೆ ಬರವೇ? ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಹುಟ್ಟಿದ ಎಚ್.ಎಸ್. ವೆಂಕಟೇಶಮೂರ್ತಿಯವರೇ ಮಕ್ಕಳಿಗೆ ಅಂತ ಎಷ್ಟೊಂದು ಹಾಡು, ನಾಟಕ ಬರೆದುಕೊಟ್ಟಿದ್ದಾರೆ. ಕುವೆಂಪು ಅವರ ಕಿಂದರಿಜೋಗಿ ಇದೆ. ಅವರು ಬರೆದದ್ದು ಕವಿತೆ. ಅದನ್ನು ಮಕ್ಕಳು ಹಾಡುನಾಟಕ ಮಾಡಿಕೊಂಡಿದ್ದಾರೆ. ದಾವಣಗೆರೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನೋಡಿದ ಜೋಗಿಯ ಕಿಂದರಿ ಬಣ್ಣ ಬಳಿದ ಪ್ಲಂಬಿಂಗ್ ಪೈಪು. ಇಲಿಗಳ ಬಾಲಕ್ಕೆ ತೆಂಗಿನ ಹಗ್ಗ. ಇಲಿಗಳ ಹೆಸರು ಒಂದೊಂದಾಗಿ ಬರುವ ಜಾಗದಲ್ಲಿ ವೇದಿಕೆಯ ಮಕ್ಕಳ ಜೊತೆ ಕೆಳಗೆ ಕೂತ ಮಕ್ಕಳೂ ಹಾಡತೊಡಗಿದರು. ಹಿಂದೆ ನಿಂತಿದ್ದ ಅಪ್ಪಂದಿರೂ ಸೇರಿಕೊಂಡರು.

ನಿಮ್ಮ ಜಿಲ್ಲೆಯ ಸಾಣೇಹಳ್ಳಿಯನ್ನೇ ನೋಡಿ. ಹೊಸದುರ್ಗ ತಾಲ್ಲೂಕಿನ ಸಣ್ಣ ಹಳ್ಳಿ. 1987ರಲ್ಲಿ ಅಲ್ಲಿ ಶಿವಕುಮಾರ ಕಲಾ ಸಂಘ ಶುರುವಾಯಿತು, 1997ರಲ್ಲಿ ಶಿವಸಂಚಾರ ತಂಡ ನಾಟಕ ಹೊತ್ತು ಊರೂರು ತಿರುಗತೊಡಗಿತು. ನಾಟಕೋತ್ಸವದ ದಿನ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಬಂದು ಕೂರುವವರಲ್ಲಿ ಎಷ್ಟು ಜನರಿಗೆ ವೇದಿಕೆಯ ಮೇಲೆ ನೆಂಟರಿರುತ್ತಾರೆ? ಹೊಲದ ಕೆಲಸ ಮುಗಿಸಿ, ಕಂಬಳಿ ಹೊದ್ದು ಬಂದು ಕೂರುತ್ತಾರೆ. ನಾಟಕ ನಡೆಯುತ್ತಿದೆ ಅನ್ನುವ ಒಂದೇ ಕಾರಣಕ್ಕೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ವಾರ್ಷಿಕೋತ್ಸವದಲ್ಲಿ ನಾಟಕ ಸಾಮಾನ್ಯವಾಗಿ ಕೊನೆಯ ಐಟಂ. ಮೊದಲು ಪ್ರಾರ್ಥನೆ, ವರದಿ, ಅತಿಥಿಗಳ ಭಾಷಣ. (ಭಾಷಣ ಮಾಡುವವರು ದಯವಿಟ್ಟು ಹತ್ತು ನಿಮಿಷಕ್ಕೆ ಮುಗಿಸಿ. ಬಣ್ಣ ಹಚ್ಚಿಕೊಂಡ ಮಕ್ಕಳು ಊಟವಿಲ್ಲದೆ ಕಾಯುತ್ತಿರುತ್ತವೆ.) ಆಮೇಲೆ ಬಹುಮಾನ, ಒಂದರ ಹಿಂದೆ ಒಂದು ಡ್ಯಾನ್ಸು. ಒಂದೊಂದು ಡ್ಯಾನ್ಸ್ ಮುಗಿದಾಗಲೂ ಎರಡು ಸಾಲು ಜನ ಏಳುತ್ತಾರೆ. ತಮ್ಮ ಮಗುವಿನದು ಆಯಿತು, ಫೋಟೊ ತೆಗೆದಾಯಿತು, ಬೈಕ್ ಸ್ಟಾರ್ಟ್. ಅವರನ್ನು ನಾನು ದೂರುವುದಿಲ್ಲ. ಬೆಳಗ್ಗೆ ಕೆಲಸಕ್ಕೆ ಹೋಗಬೇಕು, ದೂರದ ಹಳ್ಳಿಗೆ ಹೋಗುವವರೂ ಇರುತ್ತಾರೆ. ಆದರೆ ಒಂದು ತಿಂಗಳು ಸಂಜೆ ಸಂಜೆ ಪ್ರಾಕ್ಟೀಸ್ ಮಾಡಿದ ಮಕ್ಕಳು ವೇದಿಕೆಗೆ ಬರುವ ಹೊತ್ತಿಗೆ ಎದುರಿಗೆ ಬರೀ ಪ್ಲಾಸ್ಟಿಕ್ ಕುರ್ಚಿಗಳು.

ನಾನು ಆ ಕುರ್ಚಿಗಳನ್ನು ವೇದಿಕೆಯ ಮೇಲಿನಿಂದ ನೋಡಿದ್ದೇನೆ. ಒಂಬತ್ತನೇ ಕ್ಲಾಸಿನಲ್ಲಿ ನಾನು ಮೇಳದಲ್ಲಿದ್ದೆ. ಎರಡನೇ ಹಾಡಿನ ನಡುವೆ ತಲೆಯೆತ್ತಿದರೆ ಜನ ಎದ್ದು ಹೋಗುತ್ತಿದ್ದಾರೆ. ನನ್ನ ದನಿ ಸಣ್ಣಗಾಯಿತು. ನಾಲ್ಕನೇ ಸಾಲಿನಲ್ಲಿ ಒಬ್ಬ ಅಜ್ಜ ಮಾತ್ರ ಟವೆಲ್ ಕಿವಿಗೆ ಸುತ್ತಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿದ್ದ. ಸ್ಕೂಲ್ ಗೇಟಿನ ಪಕ್ಕ ಸೈಕಲ್ ರಿಪೇರಿ ಮಾಡುವವನು. ಅವನ ಕೈ ನೋಡಿಕೊಂಡೇ ಉಳಿದ ಹಾಡು ಹಾಡಿ ಮುಗಿಸಿದೆ. ಮಾರನೇ ದಿನ ಸೈಕಲ್ಲಿಗೆ ಗಾಳಿ ಹೊಡೆಸಲು ಹೋದರೆ, 'ಕೊನೇ ಪದ ಚಲೋ ಹಾಡಿದ್ರಲೇ' ಅಂದ. ದುಡ್ಡು ತಗೊಳ್ಳಲಿಲ್ಲ. ಅವತ್ತು ಮನೆಯಲ್ಲಿ ಅಮ್ಮನೂ ಚೆನ್ನಾಗಿತ್ತು ಅಂದಿದ್ದಳು. ಅಮ್ಮ ಹಾಗೆ ಅಂದೇ ಅನ್ನುತ್ತಾಳೆ ಅಂತ ನನಗೆ ಗೊತ್ತಿತ್ತು. ಅಜ್ಜ ಹೇಳಬೇಕಾದ ಅಗತ್ಯವೇ ಇರಲಿಲ್ಲ, ಅಲ್ವಾ?

ಹಾಗಾಗಿ ಸರ್, ನಿಮ್ಮ ಮನೆ ಮಗು ಆ ಕಾರ್ಯಕ್ರಮದಲ್ಲಿ ಇಲ್ಲ ಅನ್ನುವುದೇ ಅವರಿಗೆ ಒಳ್ಳೆಯದಾಯಿತು. ನಡುವೆ ಎದ್ದು ಹೋಗಲು ನಿಮಗೆ ಕಾರಣವಿಲ್ಲ. ಆ ಮಕ್ಕಳು ಬೀದಿ ಬೀದಿ ತಿರುಗಿ ಕಾರ್ಡ್ ಹಂಚಿದ್ದು ನಿಮ್ಮಂಥವರಿಗಾಗಿಯೇ.

ಕಾರ್ಡಿನಲ್ಲಿ ಸಂಜೆ ಐದು ಅಂತ ಇದ್ದರೆ ಆರೂವರೆಗೆ ಮೊದಲು ಶುರುವಾಗುವುದಿಲ್ಲ, ಮನೆಯಲ್ಲೇ ತಿಂಡಿ ಮುಗಿಸಿ ಹೋಗಿ. ಸ್ವೆಟರ್ ಇರಲಿ, ದುರ್ಗದಲ್ಲಿ ಕತ್ತಲಾದ ಮೇಲೆ ಬೆಟ್ಟದ ಗಾಳಿ ಜೋರು. ಸ್ಪೀಕರ್ ಪಕ್ಕ ಕೂರಬೇಡಿ. ಮೇಳದ ಮಕ್ಕಳ ಮುಖ ಕಾಣುವ ಕಡೆ ಕುರ್ಚಿ ಹಾಕಿಕೊಳ್ಳಿ. ಹಾಡು ಹಿಡಿಸಿದರೆ 'ಒನ್ಸ್ ಮೋರ್' ಅಂತ ಕೂಗಿ, ನಾಚಿಕೆ ಬೇಡ. ನಾಟಕ ಮುಗಿದ ಮೇಲೆ ಪರದೆಯ ಹಿಂದೆ ಹೋಗಿ, ನಿಮಗೆ ಕಾರ್ಡ್ ಕೊಟ್ಟ ಮಕ್ಕಳನ್ನು ಹುಡುಕಿ ಮಾತಾಡಿಸಿ. 'ಚೆನ್ನಾಗಿತ್ತು' ಅಂತಷ್ಟೇ ಹೇಳದೆ ಯಾವ ಹಾಡು, ಯಾವ ಮಾತು ಹಿಡಿಸಿತು ಅಂತ ಹೇಳಿ.

ಮೊಮ್ಮಗಳ ಶಾಲೆಯಲ್ಲೂ ಇಂಥದ್ದು ಇರುತ್ತದೆ, ಫೋನಿನಲ್ಲಿ ವಿಚಾರಿಸಿ. ಓಬವ್ವನ ಕತೆಯನ್ನು ಅವಳಿಗೂ ಹೇಳಿ. ಹಾಗೇ ನಿಮ್ಮ ಬೀದಿಯ ಓಬವ್ವನ ಒನಕೆ ನಿಜದ್ದೋ ಥರ್ಮಾಕೋಲಿನದ್ದೋ, ಮೇಳದವರು ಏನು ಹಾಡಿದರು, ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಒಂದು ಪುಟ ಇಟ್ಟಿರುತ್ತೇನೆ.